ಬದುಕಿದ್ದೇ ಹೆಚ್ಚು ಎನ್ನುವ ಮೊದಲು

ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆಯಿಂದ ಮನೆಗೆ ಬಂದವರನ್ನು ನೋಡಲು ಬರುವ ನೆಂಟರಿಷ್ಟರು ಎರಡು ಮಾತು ಆಡಿಯೇ ಆಡುತ್ತಾರೆ. ಒಂದು, "ಬದುಕಿದ್ದೇ ಹೆಚ್ಚು." ಇನ್ನೊಂದು, "ನೋಡಿದರೆ ಏನೂ ಆದ ಹಾಗೇ ಕಾಣಲ್ಲ." ತಂದ ಹಣ್ಣಿನ ಚೀಲವನ್ನು ಟೀಪಾಯಿ ಮೇಲಿಟ್ಟು, ದೇವರು ದೊಡ್ಡವನು ಅಂದು, ಕಾಫಿ ಕುಡಿದು ಹೊರಡುತ್ತಾರೆ. ಅವರ ಅಕ್ಕರೆಯಲ್ಲಿ ಕೊರತೆಯೇನಿಲ್ಲ. ಹೊಲಿಗೆ ಬಿಚ್ಚಿದೆ, ಬೋಳಿಸಿದ ಕಡೆ ಕೂದಲೂ ಚಿಗುರಿದೆ. ಆದರೆ ಸೋಫಾದ ಮೇಲೆ ಕೂತವನಿಗೆ ಅಡುಗೆಮನೆಯ ಮಿಕ್ಸಿ ಸದ್ದಿಗೆ ತಲೆ ಸಿಡಿಯುತ್ತದೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರು ಏನೆಂದರೆಂದು ಹಿಡಿತಕ್ಕೆ ಸಿಗುವುದಿಲ್ಲ. ಸ್ನಾನ ಮುಗಿಸುವಷ್ಟರಲ್ಲಿ ಮತ್ತೆ ಮಲಗಬೇಕೆನ್ನಿಸುತ್ತದೆ. ಇಷ್ಟರ ಮೇಲೆ ಆತ ದೇವರಿಗೂ, ಡಾಕ್ಟರಿಗೂ, ಹಗಲೂ ರಾತ್ರಿ ನೋಡಿಕೊಂಡ ಹೆಂಡತಿಗೂ ಋಣಿಯಾಗಿರಬೇಕೆಂದು ಎಲ್ಲರ ನಿರೀಕ್ಷೆ. ಇರದಿದ್ದರೆ "ಇಷ್ಟು ಮಾಡಿದರೂ ಒಂದು ಒಳ್ಳೆಯ ಮಾತಿಲ್ಲ" ಎಂಬ ದೂರು ತಪ್ಪದು.

ಈ ದೂರಿಗೆ ವಿಜ್ಞಾನದ ಉತ್ತರವೊಂದಿದೆ. ಕೃತಜ್ಞತೆಯೂ ಮಿದುಳು ಮಾಡಬೇಕಾದ ಕೆಲಸವೇ. ಪೆಟ್ಟು ಬಿದ್ದಿರುವುದು ಆ ಮಿದುಳಿಗೇ.

ಬೈಕಿನಿಂದ ಬಿದ್ದವರ ತಲೆಬುರುಡೆ ಒಡೆಯಲೇಬೇಕೆಂದಿಲ್ಲ. ಸುಮಾರು 1.4 ಕಿಲೋ ತೂಗುವ ಮಿದುಳು ಪಾತ್ರೆಯಲ್ಲಿ ಈಗಷ್ಟೇ ಕಟ್ಟಿದ ಗಿಣ್ಣಿನಷ್ಟು ಮೆತ್ತಗಿದ್ದು, ಬುರುಡೆಯೊಳಗಿನ ದ್ರವದಲ್ಲಿ ತೇಲುತ್ತಿರುತ್ತದೆ. ಓಡುತ್ತಿದ್ದ ತಲೆ ಥಟ್ಟನೆ ನಿಂತಾಗಲೂ ಮಿದುಳು ಮುಂದಕ್ಕೆ ನುಗ್ಗುತ್ತದೆ, ತಿರುಚಿಕೊಳ್ಳುತ್ತದೆ. ಹಣೆಯ ಹಿಂದಿನ ಭಾಗ ಮತ್ತು ಕಣತಲೆಯ ಒಳಗಿನ ಭಾಗಗಳ ಕೆಳಗೆ ಬುರುಡೆಯ ನೆಲ ಒರಟು, ಅಲ್ಲಲ್ಲಿ ಏಣುಗಳಿವೆ. ಹಾಗಾಗಿ ಪೆಟ್ಟು ಎಲ್ಲಿಗೇ ಬಿದ್ದರೂ ಗಾಯ ಹೆಚ್ಚಾಗಿ ಆಗುವುದು ಈ ಭಾಗಗಳಿಗೆ. ಇದರ ಜೊತೆಗೆ, ದೂರದೂರದ ನರಕೋಶಗಳನ್ನು ಬೆಸೆಯುವ ತೆಳುವಾದ ನರತಂತುಗಳು ಎಳೆದಾಟಕ್ಕೆ ಸಿಕ್ಕಿ ಗಂಟೆಗಳಲ್ಲಿ, ದಿನಗಳಲ್ಲಿ ಒಂದೊಂದಾಗಿ ಕಡಿದುಹೋಗುತ್ತವೆ. ಇದು ಸಿ.ಟಿ. ಸ್ಕ್ಯಾನಿನಲ್ಲಿ ಬಹುಮಟ್ಟಿಗೆ ಕಾಣುವುದೇ ಇಲ್ಲ. "ಸ್ಕ್ಯಾನ್ ನಾರ್ಮಲ್ ಇದೆ" ಎಂಬ ವರದಿಯನ್ನು ಮನೆಯವರು "ಎಲ್ಲ ಸರಿಯಿದೆ" ಎಂದು ಓದಿಕೊಳ್ಳುವುದು ಇಲ್ಲಿಂದಲೇ ಶುರು.

ಎರಡು ಹಳೆಯ ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. ಮೊದಲನೆಯದು ಬಹಳಷ್ಟು ಮನೋವಿಜ್ಞಾನ ಪುಸ್ತಕಗಳಲ್ಲಿ ಇರುವ ಫಿನಿಯಾಸ್ ಗೇಜ್‌ನದು. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ ರೈಲುದಾರಿಗೆ ಬಂಡೆ ಸಿಡಿಸುವಾಗ ಆರು ಕಿಲೋ ತೂಕದ ಕಬ್ಬಿಣದ ಸಲಾಕೆ ಅವನ ಎಡಗೆನ್ನೆಯ ಕೆಳಗೆ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಅವನು ಬದುಕಿದ, ನಿಮಿಷಗಳಲ್ಲೇ ಮಾತೂ ಆಡಿದ. ಆದರೆ ಅವನು ಹಳೆಯ ಗೇಜ್ ಆಗಿ ಉಳಿಯಲಿಲ್ಲ, ಮೇಸ್ತ್ರಿ ಕೆಲಸಕ್ಕೆ ಕಂಪನಿ ಮತ್ತೆ ಸೇರಿಸಿಕೊಳ್ಳಲಿಲ್ಲ ಎಂದು ಚಿಕಿತ್ಸೆ ಮಾಡಿದ ಡಾಕ್ಟರ್ ಹಾರ್ಲೊ ಬರೆದಿಟ್ಟರು. ಪಠ್ಯಪುಸ್ತಕಗಳು ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತವೆ, ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ. ಗೇಜ್ ಆಮೇಲೆ ಚಿಲಿ ದೇಶಕ್ಕೆ ಹೋಗಿ ಏಳು ವರ್ಷ ಸಾರೋಟು ಓಡಿಸಿದ. ಹಲವು ಕುದುರೆಗಳನ್ನು ಹೂಡಿ, ಪ್ರಯಾಣಿಕರನ್ನು ಹತ್ತಿಸಿಕೊಂಡು, ಗೊತ್ತಾದ ಹೊತ್ತಿಗೆ ಗೊತ್ತಾದ ದಾರಿಯಲ್ಲಿ ಹೋಗುವ ಕೆಲಸ. ದಿನವೂ ಅದೇ ಸಮಯ, ಅದೇ ಕ್ರಮ ಇದ್ದುದರಿಂದಲೇ ಅವನು ಅಷ್ಟು ಚೇತರಿಸಿಕೊಂಡಿರಬೇಕು ಎಂದು ಅವನ ದಾಖಲೆಗಳನ್ನೆಲ್ಲ ಜಾಲಾಡಿದ ಆಸ್ಟ್ರೇಲಿಯಾದ ಮನೋವಿಜ್ಞಾನಿ ಮಾಲ್ಕಮ್ ಮ್ಯಾಕ್‌ಮಿಲನ್ ವಾದಿಸುತ್ತಾರೆ. ಅವನು ಸತ್ತದ್ದು 1860ರಲ್ಲಿ, ಮೂರ್ಛೆರೋಗದಿಂದ.

ಎರಡನೆಯವನು ರಷ್ಯಾದ ಯೋಧ ಲೆವ್ ಜಸೆಟ್ಸ್ಕಿ. 1943ರಲ್ಲಿ ಜರ್ಮನ್ ಗುಂಡು ತಲೆಯ ಎಡಹಿಂಭಾಗಕ್ಕೆ ಹೊಕ್ಕಿತು. ಬಲಗಡೆಯ ಅರ್ಧ ಜಗತ್ತು ಕಾಣದಾಯಿತು. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದವನು ಅಕ್ಷರಮಾಲೆಯಿಂದ ಮತ್ತೆ ಕಲಿಯಬೇಕಾಯಿತು. ಒಂದು ದಿನ ವೈದ್ಯರು, ಅಕ್ಷರ ಯೋಚಿಸಬೇಡ, ಪೆನ್ಸಿಲ್ ಎತ್ತದೆ ಪದವನ್ನು ಒಂದೇ ಏಟಿಗೆ ಬರೆ ಎಂದರು. ಬರೆದ! ಕೈಯ ಅಭ್ಯಾಸ ಉಳಿದಿತ್ತು. ಬರೆದದ್ದನ್ನು ಓದಲು ಮಾತ್ರ ಒದ್ದಾಡಬೇಕಿತ್ತು. ಹಾಗೆಯೇ ಸುಮಾರು ಇಪ್ಪತ್ತೈದು ವರ್ಷ, ದಿನಕ್ಕೆ ಒಂದಷ್ಟು ಸಾಲು, ಮೂರು ಸಾವಿರ ಪುಟಗಳಷ್ಟು ದಿನಚರಿ ಬರೆದ. ಅದನ್ನು ಇಟ್ಟುಕೊಂಡು ನರಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ ಪುಸ್ತಕ ಮಾಡಿದರು.

ಜಸೆಟ್ಸ್ಕಿಯ ಹಣೆಯ ಹಿಂದಿನ ಮಿದುಳು ಗಾಯದಿಂದ ತಪ್ಪಿಸಿಕೊಂಡಿತ್ತು ಎಂಬುದಕ್ಕೆ ಲೂರಿಯಾ ತುಂಬ ಬೆಲೆ ಕೊಟ್ಟರು. ಅವನು ಕಳೆದುಕೊಂಡದ್ದು ಅಪಾರ, ಆದರೆ ಏನು ಕಳೆದುಕೊಂಡೆ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೇ ದುಃಖಪಟ್ಟ, ಅದಕ್ಕೇ ಹಟ ಹಿಡಿದ, ಮರಳಿ ಸಿಕ್ಕ ಒಂದೊಂದು ಪದಕ್ಕೂ ಹಿಗ್ಗಿದ. ಮುಂಭಾಗಕ್ಕೆ ಗಾಯವಾದವರಲ್ಲಿ ಹಲವರ ಕಷ್ಟ ತಿರುವುಮುರುವು. ಕೈಕಾಲು ಆಡುತ್ತವೆ, ಮಾತು ಸರಾಗ. ತನಗೆ ಏನಾಗಿದೆ ಎಂದು ಅಳೆಯುವ ಶಕ್ತಿಗೇ ಏಟು ಬಿದ್ದಿರುತ್ತದೆ. "ನನಗೇನಾಗಿದೆ, ಗಾಡಿ ಕೀ ಕೊಡಿ" ಎಂದು ಜಗಳಕ್ಕೆ ನಿಲ್ಲುವವರು ಇವರೇ. ಏನೂ ಆಗಿಲ್ಲ ಎಂದುಕೊಂಡವನಿಗೆ ಯಾರಿಗಾದರೂ ಯಾಕೆ ಋಣಿಯಾಗಬೇಕು ಎನ್ನಿಸೀತು?

2015ರಲ್ಲಿ ಅಮೆರಿಕದ ಗ್ಲೆನ್ ಫಾಕ್ಸ್ ಮತ್ತು ಸಂಗಡಿಗರು ಕೃತಜ್ಞತೆಯ ಬಗ್ಗೆ ಒಂದು ಪ್ರಯೋಗ ಮಾಡಿದರು. ನಾಜಿಗಳ ಕಾಲದಲ್ಲಿ ಯಹೂದಿಗಳಿಗೆ ಅಪರಿಚಿತರು ಅನ್ನ ಕೊಟ್ಟ, ಅಡಗಲು ಜಾಗ ಕೊಟ್ಟ ಪ್ರಸಂಗಗಳನ್ನು ಪ್ರಯೋಗಕ್ಕೆ ಬಂದವರಿಂದ ಓದಿಸಿ, ಆ ಜಾಗದಲ್ಲಿ ನೀವೇ ಇದ್ದೀರೆಂದು ಭಾವಿಸಿ ಎಂದು ಹೇಳಿ, ಎಂ.ಆರ್.ಐ. ಯಂತ್ರದಲ್ಲಿ ಅವರ ಮಿದುಳನ್ನು ನೋಡಿದರು. ಕೃತಜ್ಞತೆ ಹೆಚ್ಚಿದಷ್ಟೂ ಹಣೆಯ ಹಿಂದೆ, ಮಿದುಳಿನ ನಡುಗೆರೆಯ ಅಕ್ಕಪಕ್ಕದ ಪ್ರದೇಶಗಳು ಹೆಚ್ಚು ಚುರುಕಾದವು. ಇದೊಂದೇ ಅಧ್ಯಯನದಿಂದ "ಕೃತಜ್ಞತೆಯ ಕೇಂದ್ರ ಸಿಕ್ಕಿತು" ಎಂದು ಹಾರಾಡಬೇಕಿಲ್ಲ. ಯಾವ ಭಾವನೆಯೂ ಮಿದುಳಿನಲ್ಲಿ ಒಂದೇ ಕೋಣೆ ಬಾಡಿಗೆಗೆ ಹಿಡಿದಿಲ್ಲ. ಆದರೂ ಇನ್ನೊಬ್ಬರ ಮನಸ್ಸನ್ನು, ಅವರು ನಮಗಾಗಿ ಪಟ್ಟ ಪಾಡನ್ನು ಊಹಿಸಿಕೊಳ್ಳುವ ಕೆಲಸದಲ್ಲಿ ಈ ಪ್ರದೇಶಗಳಿಗೆ ಪಾಲಿದೆ ಎಂಬುದಕ್ಕೆ ಬೇರೆ ಪುರಾವೆಗಳೂ ಇವೆ. ತಲೆಯ ಗಾಯದಲ್ಲಿ ಹಣೆಯ ಹಿಂದಿನ ಮಿದುಳಿಗೆ ಏಟು ತಗಲುವುದೇ ಹೆಚ್ಚು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಮುಂಚೆ ಮೃದುವಾಗಿದ್ದ ಗಂಡ ಈಗ ಕಲ್ಲಾಗಿದ್ದಾನೆ ಎನ್ನುವ ಹೆಂಡತಿಯ ಅಳಲಿನಲ್ಲಿ ಗಂಡನ ಗುಣದೋಷಕ್ಕಿಂತ ಗಾಯದ ಪಾಲೇ ಹೆಚ್ಚಿರಬಹುದು. ಆಕೆಯ ನೋವೇನೂ ಇದರಿಂದ ಕಡಿಮೆಯಾಗದು. ಬೈಯುವುದು ಯಾರನ್ನು ಎಂಬುದಾದರೂ ಬದಲಾಗುತ್ತದೆ.

ಇನ್ನು ನಿತ್ಯದ ಕೆಲಸಗಳ ವಿಚಾರ. ಫಿಲಡೆಲ್ಫಿಯಾದ ಮೈರ್ನಾ ಶ್ವಾರ್ಟ್ಸ್ ಮತ್ತು ಅವರ ತಂಡ 1990ರ ದಶಕದಲ್ಲಿ ತಲೆಗೆ ಪೆಟ್ಟಾದವರಿಗೆ ಒಗಟು, ಚಿತ್ರಗಳನ್ನು ಕೊಟ್ಟು ಕೂರಿಸುವ ಬದಲು ಬ್ರೆಡ್ಡಿಗೆ ಬೆಣ್ಣೆ–ಜಾಮ್ ಸವರುವ, ಉಡುಗೊರೆ ಕಟ್ಟುವ, ಮಗುವಿಗೆ ಊಟದ ಡಬ್ಬಿ ತುಂಬುವ ಕೆಲಸ ಕೊಟ್ಟರು. ಮೇಜಿನ ಮೇಲೆ ಬೇಕಾದ ಸಾಮಾನಿನ ಜೊತೆ ಬೇಡದ್ದನ್ನೂ ಹರಡಿದ್ದರು. ಹೆಚ್ಚಿನವರು ಮಾಡಿದ ತಪ್ಪೆಂದರೆ ನಡುವಿನ ಹಂತವನ್ನು ಬಿಟ್ಟುಬಿಡುವುದು. ನಮ್ಮ ಅಡುಗೆಮನೆಯಲ್ಲೇ ನೋಡಿ. ಫಿಲ್ಟರಿಗೆ ಪುಡಿ ಹಾಕಬೇಕು, ಅದುಮಬೇಕು, ಬಿಸಿನೀರು ಸುರಿಯಬೇಕು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹಾಲಿಟ್ಟು ಉಕ್ಕದಂತೆ ಕಾಯಬೇಕು. ಪುಡಿ ಹಾಕದೆಯೇ ನೀರು ಸುರಿಯುವವರು, ಹಾಲಿಟ್ಟು ಪೇಪರ್ ಓದಲು ಕೂರುವವರು, ಎಲ್ಲವನ್ನೂ ಮಾಡಿ ಒಲೆ ಆರಿಸದವರು, ಇವರಿಗೆ ಕಾಫಿ ಮಾಡುವುದು ಗೊತ್ತಿಲ್ಲವೆಂದಲ್ಲ. ಒಂದೊಂದೂ ಗೊತ್ತು. ಮುಂದಿನದೇನು ಎಂಬುದನ್ನು ಮನಸ್ಸಿನಲ್ಲಿ ಹಿಡಿದಿಟ್ಟು, ನಡುವೆ ಫೋನ್ ಬಂದರೂ ಎಳೆ ಕೈಬಿಡದೆ ನಡೆಸುವ ಯಜಮಾನಿಕೆ ಸಡಿಲಾಗಿದೆ.

ಇದಕ್ಕೆ ಮದ್ದಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಡೆಯುವ ಮಿದುಳಿನ ಮರುತರಬೇತಿಯಲ್ಲಿ ಒಂದು ಅಭ್ಯಾಸವಿದೆ, ನನಗೆ ಬಹಳ ಇಷ್ಟವಾದದ್ದು: ಬೆರೆಸಿಟ್ಟ ಕಾಳುಗಳನ್ನು ಬೇರೆಬೇರೆ ಮಾಡುವುದು. ಹಿಡಿದ ಸಮಯ ಎಷ್ಟು, ತಪ್ಪೆಷ್ಟು ಎಂದು ಬರೆದುಕೊಳ್ಳುತ್ತಾರೆ, ಹಿಡಿತ ಬಂದಂತೆ ಕೆಲಸವನ್ನು ಕಠಿಣಗೊಳಿಸುತ್ತಾರೆ. ಗಮನ ನಿಲ್ಲಿಸುವ ಈ ವ್ಯಾಯಾಮಕ್ಕೆ ಕಂಪ್ಯೂಟರ್ ಬೇಡ, ಮೊರ ಅಥವಾ ತಟ್ಟೆ ಇದ್ದರೆ ಸಾಕು, ಯಾವ ಹಳ್ಳಿಯ ಮನೆಯಲ್ಲೂ ನಡೆದೀತು. ಹೊತ್ತು ಗೊತ್ತು ಮಾಡಿಕೊಳ್ಳಬೇಕು, ಅಷ್ಟೆ. ಗಾಯಗೊಂಡ ಮಿದುಳು ಅದೇ ಕೆಲಸಕ್ಕೆ ಮೊದಲಿಗಿಂತ ಹೆಚ್ಚು ದುಡಿಯುವುದರಿಂದ ಬೇಗ ಸೋಲುತ್ತದೆ. ಸೋಮಾರಿತನದ ಹಾಗೆ ಕಾಣುವ ಮಧ್ಯಾಹ್ನದ ನಿದ್ದೆ ಹಲವರಿಗೆ ಔಷಧಿಯಷ್ಟೇ ಅಗತ್ಯ.

ಜೊತೆಗೊಂದು ನೋಟ್‌ಬುಕ್. ಮರೆವಿರುವವರಿಗೆ ಪುನಶ್ಚೇತನ ತಜ್ಞರು ಕೊಡುವ ಹಳೆಯ, ಅಗ್ಗದ ಸಲಕರಣೆ ಇದು. ಇವತ್ತು ಯಾರು ಬಂದರು, ಏನು ತಿಂದೆ, ಮಾತ್ರೆ ಯಾವಾಗ ಎಂದು ಬರೆಯುವುದು. ನಿನ್ನೆ ಮಧ್ಯಾಹ್ನ ತಮ್ಮ ಬಸ್ಸು ಹತ್ತಿ ಬಂದು ಎರಡು ಗಂಟೆ ಕೂತು ಹೋದದ್ದು ನೆನಪೇ ಇರದಿದ್ದರೆ ಅವನ ಬಗ್ಗೆ ಒಳ್ಳೆಯ ಭಾವನೆ ಹುಟ್ಟುವುದಾದರೂ ಹೇಗೆ? ಪುಟ ತಿರುಗಿಸಿದಾಗ ಅವನ ಹೆಸರು ಸಿಗುತ್ತದೆ. ದಿನಾ ಒಳ್ಳೆಯದನ್ನು ಪಟ್ಟಿ ಮಾಡಿ ಎಂಬ ಉಪದೇಶಕ್ಕೆ 2003ರ ಎಮನ್ಸ್ ಮತ್ತು ಮೆಕಲೋ ಅಧ್ಯಯನದ ಬೆಂಬಲವಿದೆ, ಆದರೆ ಅದು ತಲೆಗೆ ಪೆಟ್ಟಾದವರ ಮೇಲೆ ನಡೆದದ್ದಲ್ಲ. ಇವರಿಗೆ ಮೊದಲು ಬೇಕಾದದ್ದು ನಡೆದದ್ದರ ಪಟ್ಟಿ.

ಹಾಗಾದರೆ "ಪೆಟ್ಟು ಬಿದ್ದ ಮೇಲೆ ಬದುಕಿನ ಬೆಲೆ ತಿಳಿಯಿತು" ಎನ್ನುವವರದ್ದು ಬರೀ ಮಾತೇ? ಅಲ್ಲ. ಆಘಾತದ ನಂತರ ಸಂಬಂಧಗಳು, ಸಣ್ಣ ಸುಖಗಳು ಹೆಚ್ಚು ಬೆಲೆಯುಳ್ಳವಾಗಿ ಕಾಣುವ ಬದಲಾವಣೆಯನ್ನು ಟೆಡೆಸ್ಕಿ ಮತ್ತು ಕ್ಯಾಲ್‌ಹೌನ್ ಎಂಬ ಮನೋವಿಜ್ಞಾನಿಗಳು 1990ರ ದಶಕದಿಂದ ಅಧ್ಯಯನ ಮಾಡಿದ್ದಾರೆ. ಮಿದುಳಿನ ಗಾಯವಾದವರಲ್ಲೂ ಇದು ಕಂಡಿದೆ. 2006ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪುಟ್ಟ ಅಧ್ಯಯನದಲ್ಲಿ ಗಾಯವಾಗಿ ಕೆಲವೇ ತಿಂಗಳು ಕಳೆದವರಿಗಿಂತ ವರ್ಷಗಟ್ಟಲೆ ಕಳೆದವರಲ್ಲಿ ಇದು ಹೆಚ್ಚಿತ್ತು. ಅಂದರೆ ಹಣ್ಣು ಹಿಡಿದು ನಾವು ನೋಡಲು ಹೋಗುವ ಹೊತ್ತಿಗೆ ಅದು ಇನ್ನೂ ಹುಟ್ಟಿರುವುದೇ ಅನುಮಾನ. ಹುಟ್ಟಿದಾಗಲೂ ಸಂಕಟ ಪಕ್ಕದಲ್ಲೇ ಇರುತ್ತದೆ, ಒಂದು ಬಂತೆಂದು ಇನ್ನೊಂದು ಹೋಗುವುದಿಲ್ಲ.

ಚೇತರಿಕೆ ಬರುವ ರೀತಿಯೂ ವಿಚಿತ್ರ. ಮೂಗಿನ ನೆತ್ತಿಯಲ್ಲಿ ಜರಡಿಯಂಥ ಮೂಳೆಯೊಂದಿದ್ದು, ವಾಸನೆಯ ನರದ ಎಳೆಗಳು ಅದರ ತೂತುಗಳ ಮೂಲಕ ಮಿದುಳಿಗೆ ಹೋಗುತ್ತವೆ. ಮಿದುಳು ಜಾರಿದಾಗ ಆ ಎಳೆಗಳು ತುಂಡಾಗಿ ಕೆಲವರಿಗೆ ವಾಸನೆ ಪೂರ್ತಿ ಹೋಗುತ್ತದೆ. ಸಾರಿನ ಒಗ್ಗರಣೆ ಸಪ್ಪೆ, ಮಲ್ಲಿಗೆ ಸಪ್ಪೆ. ಗ್ಯಾಸ್ ಸೋರಿದರೂ ಗೊತ್ತಾಗದ ಅಪಾಯ ಬೇರೆ. ಅದೃಷ್ಟವೆಂದರೆ ವಾಸನೆಯ ನರಕೋಶಗಳು ಮತ್ತೆ ಹುಟ್ಟಬಲ್ಲವು, ಹಾಗಾಗಿ ಕೆಲವರಿಗೆ ತಿಂಗಳುಗಳ ನಂತರ ವಾಸನೆ ಮರಳುತ್ತದೆ. ಆದರೆ ಹೊಸ ಎಳೆಗಳು ಹಳೆಯ ಜಾಗಕ್ಕೇ ಹೋಗಿ ಸೇರಬೇಕೆಂದಿಲ್ಲ. ಆಗ ಈರುಳ್ಳಿ ಸುಟ್ಟ ರಬ್ಬರಿನಂತೆಯೋ, ಹುರಿದ ಶೇಂಗಾ ಕೊಳೆತ ಮಾಂಸದಂತೆಯೋ ನಾರಬಹುದು. ತಟ್ಟೆ ದೂಡಿ, ಏನಿದು ಹಾಳಾದ ಊಟ ಎಂದು ಅವರು ಸಿಡುಕುತ್ತಾರೆ. ಮಾಡಿ ಬಡಿಸಿದವರಿಗೆ ಅಳು ಬರುತ್ತದೆ. ಇದನ್ನು ಕೇಳಿಸಿಕೊಂಡ ಕಿವಿ–ಮೂಗಿನ ಡಾಕ್ಟರು ಮಾತ್ರ, ಎಷ್ಟು ದಿನದಿಂದ ಹೀಗೆ ನಾರುತ್ತಿದೆ ಎಂದು ಆಸಕ್ತಿಯಿಂದ ಕೇಳಿ, ನರ ಚಿಗುರುತ್ತಿರಬಹುದು, ಒಳ್ಳೆಯ ಲಕ್ಷಣ ಎಂದು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ.