ನಮ್ಮ ಕ್ಲಾಸಿಗೂ ಒಬ್ಬ ‘ಜಾದೂ’ ಬಂದಿದ್ದ

ನಾನಾಗ ಐದನೇ ತರಗತಿ. ಖಟಕ ಚಿಂಚೋಳಿಯ ನಮ್ಮ ಓಣಿಯಲ್ಲಿ ಬಣ್ಣದ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ‘ಕೋಯಿ ಮಿಲ್ ಗಯಾ’ ಹಾಕಿದ ದಿನ ಆ ಮನೆಯ ಪಡಸಾಲೆ ತುಂಬಿ ಅಂಗಳದವರೆಗೂ ಹುಡುಗರು. ದೊಡ್ಡ ಕಣ್ಣಿನ, ನೀಲಿ ಮೈಯ ಜಾದೂ ಶಕ್ತಿಗಾಗಿ ಬಿಸಿಲು ಬೇಡಿದಾಗ ಆ ಮನೆಯ ಅಜ್ಜಿ, ‘ಬಿಸಲು ಬೇಕಂದ್ರ ನಮ್ಮ ಬೀದರಕ್ಕ ಬಾರಪ್ಪಾ’ ಅಂದಿದ್ದಳು. ಬಿದ್ದು ಬಿದ್ದು ನಕ್ಕಿದ್ದೆವು.

2003ರಲ್ಲಿ ತೆರೆಕಂಡ ಆ ಸಿನಿಮಾದ ಜಾದೂ ಎಷ್ಟು ಜನಪ್ರಿಯನಾದನೆಂದರೆ, ಮರುವರ್ಷವೇ ನಿಕ್ ವಾಹಿನಿಯಲ್ಲಿ ಅವನದೇ ಮಕ್ಕಳ ಧಾರಾವಾಹಿ ‘ಜೆ ಬೋಲೆ ತೋ ಜಾದೂ’ ಬಂತು. ಬ್ರಿಟನ್ನಿನಲ್ಲಿ ‘ಮೈ ಪೇರೆಂಟ್ಸ್ ಆರ್ ಏಲಿಯನ್ಸ್’ ಎಂಬ ಹಾಸ್ಯ ಧಾರಾವಾಹಿ 1999ರಿಂದ 2006ರವರೆಗೆ ಓಡಿತು. ಅದರಲ್ಲಿ ಮೂವರು ಅನಾಥ ಮಕ್ಕಳನ್ನು ಸಾಕುವ ಗಂಡ–ಹೆಂಡತಿಯೇ ಅನ್ಯಗ್ರಹದವರು. ಇಂಥ ಕಥೆಗಳ ನಗುವಿನ ಗುಟ್ಟು ಒಂದೇ: ಎಲ್ಲರಿಗೂ ಗೊತ್ತಿರುವುದು ಹೊಸದಾಗಿ ಬಂದವನಿಗೆ ಮಾತ್ರ ಗೊತ್ತಿರುವುದಿಲ್ಲ. ಅವನು ತಪ್ಪುತ್ತಾನೆ, ನಾವು ನಗುತ್ತೇವೆ. ಆದರೆ ಒಳ್ಳೆಯ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ನೋಡುತ್ತಾ ನೋಡುತ್ತಾ, ವಿಚಿತ್ರ ಅವನಲ್ಲ, ನಾವೇ ಎಂದು ಅನ್ನಿಸತೊಡಗುತ್ತದೆ.

ನಾವು ಕಲಿತದ್ದು ಮೊದಲರ್ಧ ಮಾತ್ರ.

ಅದೇ ವರ್ಷ ನಡುವಿನಲ್ಲಿ ನಮ್ಮ ಕ್ಲಾಸಿಗೆ ಹೊಸ ಹುಡುಗನೊಬ್ಬ ಬಂದ. ಅವನ ತಂದೆ–ತಾಯಿ ಪುಣೆಯಲ್ಲಿ ಕಟ್ಟಡ ಕೆಲಸ ಮಾಡಿ ತಾಂಡಾಕ್ಕೆ ಮರಳಿದ್ದರು. ಮನೆಯಲ್ಲಿ ಲಂಬಾಣಿ, ಓದಿದ್ದು ಮರಾಠಿ. ಕನ್ನಡ ಅಷ್ಟಕ್ಕಷ್ಟೆ. ನಮ್ಮ ಕಡೆ ಮರಾಠಿ ಯಾರಿಗೂ ಹೊಸದಲ್ಲ. ಸಂತೆಯಲ್ಲಿ ಎಲ್ಲರೂ ಆಡುವ ಭಾಷೆ. ಆದರೂ ಅವನು ಕ್ಲಾಸಿನಲ್ಲಿ ಮಗ್ಗಿ ಒಪ್ಪಿಸಲು ಮರಾಠಿಯಲ್ಲಿ ಶುರು ಮಾಡಿದ ಕೂಡಲೇ ಬೆಂಚುಗಳೆಲ್ಲ ನಕ್ಕವು. ಲೆಕ್ಕ ಮಾತ್ರ ನಮ್ಮೆಲ್ಲರಿಗಿಂತ ಮೊದಲು ಅವನದೇ ಮುಗಿಯುತ್ತಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

ಅವನಿಗೆ ‘ಜಾದೂ’ ಎಂದು ಹೆಸರಿಟ್ಟವನು ನಾನೇ.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಅವನನ್ನು ಬೇವಿನ ಮರದ ನೆರಳಿನಿಂದ ಹೊರಗೆ ನೂಕಿ, ‘ಬಿಸಲಾಗ ನಿಂದ್ರು, ಶಕ್ತಿ ಬರ್ತದ’ ಎನ್ನುತ್ತಿದ್ದೆವು. ಮೊದಲೆರಡು ದಿನ ಅವನೂ ನಕ್ಕ. ಆಮೇಲೆ ತಟ್ಟೆ ಹಿಡಿದು ತಾನಾಗಿಯೇ ಬಿಸಿಲಿಗೆ ಹೋಗಿ ಕೂರತೊಡಗಿದ. ದೀಪಾವಳಿ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಕೆಲವು ದಿನ ಅವನ ಹೆಸರು ಕೂಗಿದರು, ಆಮೇಲೆ ಅದೂ ನಿಂತಿತು.

ಪದವಿಗೆಂದು ನಾನು ಬೆಂಗಳೂರಿಗೆ ಹೋದೆ. ಊರಿನಿಂದ ಸುಮಾರು 700 ಕಿಲೋಮೀಟರ್. ಹಾಸ್ಟೆಲಿನ ಮೊದಲ ರಾತ್ರಿ ಯಾರೋ ‘ಏನ್ ಮಾಡ್ತಿದ್ದೀಯಾ?’ ಎಂದರು. ‘ಊಟ ಮಾಡ್ಲತ್ತೀನ್ರಿ’ ಅಂದೆ. ಊಟದ ಹಾಲ್ ಪೂರ್ತಿ ನಕ್ಕಿತು. ‘ಬೀದರಾ? ಅಲ್ಲಿ ಕನ್ನಡ ಮಾತಾಡ್ತಾರಾ?’ ಎಂದು ಒಬ್ಬ ಕೇಳಿದ. ಅವನಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಐದನೇ ತರಗತಿಯಲ್ಲಿ ನಮಗೂ ಇರಲಿಲ್ಲ. ಮೂರು ತಿಂಗಳು ನಾನು ಕ್ಲಾಸಿನಲ್ಲಿ ಬಾಯಿಯೇ ತೆರೆಯಲಿಲ್ಲ. ಉತ್ತರ ಗೊತ್ತಿದ್ದರೂ ಕೈ ಎತ್ತಲಿಲ್ಲ. ಕೆಲಸಕ್ಕೆ ಸಂದರ್ಶನ ಕೊಡಲು ಹೋದಾಗಲೂ ಬಾಯಲ್ಲಿ ‘ಲತ್ತೀನಿ’ ಬಂದೀತೆಂಬ ಭಯದಲ್ಲಿ ಅರ್ಧ ಮಾತು ನುಂಗಿದೆ. ಬಿಸಿಲಿಗೆ ತಾನಾಗಿಯೇ ಹೋಗಿ ಕೂರುವುದೆಂದರೆ ಏನೆಂದು ಆಗ ಅರ್ಥವಾಯಿತು.

ಆ ದಿನಗಳಲ್ಲೇ ಓದಿದ್ದು: ಜಾದೂವಿನ ವೇಷದೊಳಗೆ ಇದ್ದವರು ಇಂದ್ರವದನ ಪುರೋಹಿತ್ ಎಂಬ ಕುಳ್ಳ ನಟ. ದೇಶವೆಲ್ಲ ಜಾದೂವನ್ನು ಗುರುತಿಸಿತು, ಅವರ ಮುಖ ಮಾತ್ರ ತೆರೆಯ ಮೇಲೆ ಕಾಣಲೇ ಇಲ್ಲ. ನಾವು ಆ ಹುಡುಗನಿಗೆ ತೊಡಿಸಿದ್ದೂ ಅಂಥದೇ ವೇಷ. ಅದರೊಳಗೆ ಯಾರಿದ್ದಾರೆಂದು ಇಣುಕಿ ನೋಡಲಿಲ್ಲ.

ಸತ್ಯಜಿತ್ ರಾಯ್ 1962ರಲ್ಲಿ ಮಕ್ಕಳಿಗಾಗಿ ‘ಬಂಕುಬಾಬುರ್ ಬಂಧು’ ಎಂಬ ಬಂಗಾಳಿ ಕಥೆ ಬರೆದರು. ಬಂಕುಬಾಬು ಹಳ್ಳಿಯ ಮೇಷ್ಟ್ರು, ಎಲ್ಲರ ಗೇಲಿಗೂ ಅವನೇ ಸರಕು. ಒಂದು ರಾತ್ರಿ ಅನ್ಯಗ್ರಹದ ಜೀವಿಯೊಂದು ಸಿಕ್ಕು, ಇಷ್ಟು ಸಹಿಸಬೇಡ ಎಂದು ಅವನಿಗೆ ಧೈರ್ಯ ತುಂಬುತ್ತದೆ. ಮನುಷ್ಯರಿಗೆ ಹೊಳೆಯದ್ದು ಹೊರಗಿನಿಂದ ಬಂದವನಿಗೆ ಹೊಳೆಯಿತು!

ಈಗ ನಾನು ಬಿ.ಇಡಿ ವಿದ್ಯಾರ್ಥಿ. ಟಿಇಟಿಗೂ ಓದಲತ್ತೀನಿ. ಹೋದ ತಿಂಗಳು ಭಾಲ್ಕಿ ಕಡೆಯ ಶಾಲೆಯೊಂದರಲ್ಲಿ ಪಾಠ ಮಾಡುವಾಗ, ಹೊಸದಾಗಿ ಸೇರಿದ್ದ ಹುಡುಗಿ ಮಗ್ಗಿಯನ್ನು ಮರಾಠಿಯಲ್ಲಿ ಹೇಳಿದಳು. ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು. ನನ್ನ ಅಂಗೈ ಬೆವೆತಿತು. ಬೈಯಲಿಲ್ಲ. ‘ಇದನ್ನ ನನಗೂ ಕಲಿಸವ್ವಾ’ ಎಂದು ಸೀಮೆಸುಣ್ಣ ಅವಳ ಕೈಗೆ ಕೊಟ್ಟೆ. ಅವಳು ಹೇಳಿಕೊಟ್ಟದ್ದನ್ನು ನಾನು ತಪ್ಪು ತಪ್ಪಾಗಿ ಹೇಳಿದೆ. ಮಕ್ಕಳು ನಕ್ಕರು, ಈ ಸಲ ನನ್ನನ್ನು ನೋಡಿ. ಅವಳೂ ನಕ್ಕಳು.

ಅದರಿಂದ ಹಳೆಯ ಲೆಕ್ಕ ಚುಕ್ತಾ ಆಗುವುದಿಲ್ಲ, ಗೊತ್ತು. ಆ ಹುಡುಗ ಈಗ ಯಾವ ಊರಿನಲ್ಲಿ, ಯಾವ ಕಟ್ಟಡದ ಮೇಲೆ ಬಿಸಿಲಲ್ಲಿ ನಿಂತಿದ್ದಾನೋ. ನಿಮ್ಮ ಕಾಲೇಜು, ಪಿಜಿ, ಆಫೀಸಿಗೂ ನಾಳೆ ಒಬ್ಬ ಹೊಸಬ ಬರುತ್ತಾನೆ. ಅವನಿಗೆ ಅಡ್ಡಹೆಸರು ಇಡುವ ಮುಂಚೆ, ಅವನ ನಿಜವಾದ ಹೆಸರು ಕೇಳಿ.