ಸಡಿಲವಾಗುವ ಬೋಲ್ಟು ಮತ್ತು ಕಾರಿನೊಳಗಿನ ಗಾಳಿ

ಚೆನ್ನೈಯಿಂದ ಬೆಂಗಳೂರಿಗೆ ರಸ್ತೆಯ ಮೂಲಕ ಹೋಗಿಬರುವ ನಮ್ಮವರಿಗೆ ಶ್ರೀಪೆರಂಬುದೂರಿನ ಸಮೀಪದ ಇರುಂಗಾಟ್ಟುಕೋಟ್ಟೈ ಅಪರಿಚಿತ ಸ್ಥಳವಲ್ಲ. 1953ರಲ್ಲಿ ಸ್ಥಾಪಿತವಾದ ಮದರಾಸು ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಮೊದಲು ಶೋಳಾವರಂನ ಹಳೆಯ ವಿಮಾನನೆಲೆಯಲ್ಲಿ ಕಾರು ಪಂದ್ಯಗಳನ್ನು ನಡೆಸುತ್ತಿತ್ತು. 1990ರಲ್ಲಿ ಅದರ ಸ್ವಂತ ಪಥ ಇಲ್ಲಿ ಸಿದ್ಧವಾಯಿತು. ಇಂತಹ ಪಂದ್ಯಗಳನ್ನು ನೋಡಿ ಬೆಳೆದ ತರುಣರು ಮನೆಯ ಕಾರಿಗೂ ಟರ್ಬೋಚಾರ್ಜರನ್ನು ಜೋಡಿಸಬೇಕೆಂದು ಹಂಬಲಿಸುವುದು ಆಶ್ಚರ್ಯವಲ್ಲ. ಹಳೆಯ ಬಿಡಿಭಾಗಗಳ ಪುದುಪೇಟೆಯೂ ದೂರವಿಲ್ಲ. ರಾತ್ರಿ ಸಂಚಾರ ವಿರಳವಾದ ಮೇಲೆ ಕೋಡಂಬಾಕ್ಕಂ ಸೇತುವೆಯನ್ನೇರುವ ಕೆಲವು ಕಾರುಗಳ ಸಿಳ್ಳೆಯಂತಹ ಧ್ವನಿ ನಮ್ಮ ಮನೆಯವರೆಗೂ ಕೇಳಿಬರುತ್ತದೆ.

ಆರೋಗ್ಯ ಲೇಖನಗಳ ನಡುವೆ ಬೋಲ್ಟಿನ ಪ್ರಸ್ತಾಪವೇಕೆಂದು ವಾಚಕರು ಕೇಳಬಹುದು. ಟರ್ಬೋಚಾರ್ಜರು ಎಂಜಿನ್ನು ಹೊರದೂಡುವ ಹೊಗೆಯ ಬಲದಿಂದಲೇ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಹೊಗೆಯನ್ನು ಶುದ್ಧೀಕರಿಸುವ ಕೆಟಲಿಟಿಕ್ ಕನ್ವರ್ಟರು ಇದರ ನಂತರ ಬರುತ್ತದೆ. ಆದುದರಿಂದ ಇಲ್ಲಿಯ ಬೋಲ್ಟು ಸಡಿಲವಾದರೆ ಸೋರುವುದು ಶುದ್ಧವಾಗದ ಹೊಗೆ. ವಿಶೇಷವಾಗಿ ಪೆಟ್ರೋಲು ಕಾರಿನಲ್ಲಿ ಅದರೊಡನೆ ಕಾರ್ಬನ್ ಮಾನಾಕ್ಸೈಡು ಇರುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಕಿಟಕಿಗಳನ್ನು ಮುಚ್ಚಿ, ಮಕ್ಕಳನ್ನು ಹಿಂದಿನ ಆಸನದಲ್ಲಿ ಮಲಗಿಸಿಕೊಂಡು ರಾತ್ರಿ ಊರಿಗೆ ಹೊರಡುವ ಕುಟುಂಬಕ್ಕೆ ಇದು ಸಣ್ಣ ವಿಷಯವಲ್ಲ.

ಬೋಲ್ಟು ಸಡಿಲವಾದೊಡನೆ ನಾವು ಮೆಕ್ಯಾನಿಕ್ಕನ್ನು ದೂರುತ್ತೇವೆ. ಆತನು ಮೊದಲಿಗಿಂತ ಜೋರಾಗಿ ಬಿಗಿಯುತ್ತಾನೆ. ತಿಂಗಳೊಳಗೆ ಅದು ಮತ್ತೆ ಸಡಿಲವಾಗುತ್ತದೆ. ದೋಷವಿರುವುದು ತೋಳಿನ ಬಲದಲ್ಲಲ್ಲ. ಬೋಲ್ಟು ವಾಸ್ತವವಾಗಿ ಒಂದು ಸ್ಪ್ರಿಂಗು. ಬಿಗಿದಾಗ ಅದು ಸ್ವಲ್ಪ ಹಿಗ್ಗುತ್ತದೆ. ಆ ಹಿಗ್ಗುವಿಕೆಯೇ ಎರಡು ಭಾಗಗಳನ್ನು ಒತ್ತಿ ಹಿಡಿಯುವ ಬಂಡವಾಳ. ನಾವು ತಿರುಚುವ ಬಲದಲ್ಲಿ ಸುಮಾರು ಹತ್ತನೆಯ ಒಂದು ಭಾಗ ಮಾತ್ರ ಈ ಖಾತೆಗೆ ಜಮೆಯಾಗುತ್ತದೆ. ಉಳಿದುದೆಲ್ಲ ಘರ್ಷಣೆಯ ಖರ್ಚು. (ಇಂತಹ ಶುಲ್ಕವನ್ನು ನಮ್ಮ ಬ್ಯಾಂಕು ವಿಧಿಸಿದರೆ ಒಬ್ಬ ಗ್ರಾಹಕನೂ ಉಳಿಯಲಾರ.) 50 ಮಿಲಿಮೀಟರು ಉದ್ದದ ಉಕ್ಕಿನ ಬೋಲ್ಟು ಸರಿಯಾಗಿ ಬಿಗಿದಾಗ ಹಿಗ್ಗುವುದು ಸುಮಾರು 0.1 ಮಿಲಿಮೀಟರು, 20 ಮಿಲಿಮೀಟರಿನದು 0.04 ಮಾತ್ರ. ನಡುವಿನ ಗ್ಯಾಸ್ಕೆಟ್ಟು 0.02 ಮಿಲಿಮೀಟರು ಕುಸಿದರೂ ಗಿಡ್ಡ ಬೋಲ್ಟಿನ ಬಂಡವಾಳದಲ್ಲಿ ಅರ್ಧ ಕರಗಿಹೋಗುತ್ತದೆ. ನಟ್ಟು ಕೂದಲೆಳೆಯಷ್ಟೂ ತಿರುಗಿರುವುದಿಲ್ಲ! ಸ್ಥಳವಿದ್ದಲ್ಲಿ ದಪ್ಪ ಕೊಳವೆಯಾಕಾರದ ಕಾಲರನ್ನಿಟ್ಟು ಉದ್ದನೆಯ ಬೋಲ್ಟನ್ನು ಬಳಸುವುದರ ಮರ್ಮವಿದು.

ಇದರ ಮೇಲೆ ಶಾಖ. ಪೆಟ್ರೋಲು ಎಂಜಿನ್ನಿನ ಹೊಗೆ 900 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ತಲುಪಬಲ್ಲದು. ಸ್ಟೇನ್‌ಲೆಸ್ ಉಕ್ಕು ಎರಕದ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುವುದರಿಂದ, ಪ್ರತಿಸಲ ಕಾದು ತಣಿಯುವಾಗಲೂ ಎರಡರ ನಡುವೆ ಎಳೆದಾಟ ನಡೆಯುತ್ತದೆ. ಸಾಮಾನ್ಯ ಬೋಲ್ಟು ಈ ಶಾಖದಲ್ಲಿ ಮೆಲ್ಲನೆ ಶಾಶ್ವತವಾಗಿ ಉದ್ದವಾಗಿ, ಬಿಗಿತವನ್ನು ಕಳೆದುಕೊಳ್ಳುತ್ತದೆ.

ಇನ್ನು ಅದುರುವಿಕೆ. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರು ತೋರಿಸಿಕೊಟ್ಟಂತೆ, ಜೋಡಣೆಯ ಭಾಗಗಳು ಅಡ್ಡಡ್ಡಲಾಗಿ ಜಾರಿದಾಗ ನಟ್ಟು ತಾನೇ ತಿರುಗಿ ಬಿಚ್ಚಿಕೊಳ್ಳುತ್ತದೆ. ಮಾರ್ಪಡಿಸಿದ ಕಾರಿನಲ್ಲಿ ಆಗುವುದು ಇದೇ. ಹಲವು ಕಿಲೋ ತೂಗುವ ಟರ್ಬೋ ಒಂದೇ ತುದಿಯಿಂದ ನೇತಾಡುತ್ತಿರುತ್ತದೆ. ಎಂಜಿನ್ನು ತನ್ನ ರಬ್ಬರುಗಳ ಮೇಲೆ ಓಲಾಡುವಾಗ ಹೊಗೆಯ ಕೊಳವೆ ಅದನ್ನು ಹಿಂದಕ್ಕೆ ಜಗ್ಗುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊದಲ ಖರ್ಚು ಇಲ್ಲಿ ಆಗಬೇಕು: ಟರ್ಬೋವಿನ ಭಾರ ಹೊರಲು ಎಂಜಿನ್ನಿಗೇ ಸೇರಿದ, ಶಾಖದ ಹಿಗ್ಗುವಿಕೆಗೆ ಎಡೆಗೊಡುವ ಒಂದು ಆಸರೆ, ಮತ್ತು ಕೊಳವೆಯಲ್ಲಿ ಬಳುಕುವ ಬೆಲ್ಲೋಸು. ಆಸರೆಯನ್ನು ಕಾರಿನ ಒಡಲಿಗೆ ಕಟ್ಟಿದರೆ ಕೆಡುಕು ಹೆಚ್ಚುತ್ತದೆ.

ಅಂಗಡಿಯವರು ಮೊದಲು ಕೊಡುವ ಸ್ಪ್ರಿಂಗ್ ವಾಷರು ಇಲ್ಲಿ ನಿಷ್ಪ್ರಯೋಜಕ. ಪೂರ್ಣ ಬಿಗಿತಕ್ಕೆ ಬಹಳ ಮುಂಚೆಯೇ ಅದು ಚಪ್ಪಟೆಯಾಗುತ್ತದೆ, ಶಾಖದಲ್ಲಿ ಹದವನ್ನೂ ಕಳೆದುಕೊಳ್ಳುತ್ತದೆ. ನೈಲಾನು ನಟ್ಟು ಸುಮಾರು 120 ಡಿಗ್ರಿಗೂ, ಸಾಮಾನ್ಯ ಅಂಟುದ್ರವ ಸುಮಾರು 150 ಡಿಗ್ರಿಗೂ ಸೋಲುತ್ತವೆ. ಪೂರ್ಣ ಲೋಹದ ಲಾಕ್ ನಟ್ಟು, ಜೋಡಿಯಾಗಿ ಬರುವ ಬೆಣೆಯಾಕಾರದ ವಾಷರು, ಮಡಚುವ ಕಿವಿಯುಳ್ಳ ವಾಷರು ಇವು ಬಾಳುವಂತಹವು. ಆದರೆ ಇವೂ ನಟ್ಟು ತಿರುಗುವುದನ್ನಷ್ಟೇ ತಡೆಯುತ್ತವೆ. ಕುಸಿದ ಗ್ಯಾಸ್ಕೆಟ್ಟಿಗೆ ಪರಿಹಾರವಲ್ಲ. ಸೊಟ್ಟಗಾದ ಫ್ಲಾಂಜನ್ನು ಮೊದಲು ಸಮತಟ್ಟಾಗಿಸಬೇಕು, ಹಳೆಯ ಬೋಲ್ಟುಗಳನ್ನು ಮತ್ತೆ ಬಳಸಬಾರದು, ಟಾರ್ಕ್ ರೆಂಚಿನಿಂದ ನಿಗದಿತ ಅಳತೆಗೆ ಬಿಗಿಯಬೇಕು. ಕೆಲವು ಸಲ ಓಡಿಸಿ, ಎಂಜಿನ್ನು ಪೂರ್ತಿ ತಣಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.

ಕಾನೂನಿನ ಮಾತನ್ನು ಬ್ಯಾಂಕಿನವನಾಗಿ ಹೇಳದಿರಲಾರೆ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಇಂತಹ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ತಿಳಿಸದೆ ಮಾಡಿದ ಮಾರ್ಪಾಡಿನಿಂದ ವಿಮೆಯ ಹಕ್ಕಿಗೂ ಕುತ್ತು ಬರಬಹುದು. ಪಂದ್ಯದ ಪಥ ಬೇರೆ, ಆರ್ಕಾಟ್ ರಸ್ತೆ ಬೇರೆ.

ತಣ್ಣಗಿದ್ದ ಎಂಜಿನ್ನನ್ನು ಚಾಲೂ ಮಾಡಿದಾಗ ಟಿಕ್ ಟಿಕ್ ಶಬ್ದ ಕೇಳಿಸಿ, ಕಾದಂತೆ ಅಡಗುವುದು, ಜೋಡಣೆಯ ಸುತ್ತ ಕಪ್ಪು ಮಸಿ ಕಾಣುವುದು ಸೋರಿಕೆಯ ಗುರುತುಗಳು. ಪ್ರಯಾಣದಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ತಲೆನೋವು, ವಾಕರಿಕೆ, ಮಂಪರು ಒಟ್ಟಿಗೇ ಕಾಣಿಸಿಕೊಂಡರೆ ಅದನ್ನು ಊಟದ ಮೇಲೆ ಹೊರಿಸದೆ, ಕಾರು ನಿಲ್ಲಿಸಿ ಎಲ್ಲರೂ ಹೊರಗೆ ಬರಬೇಕು. ಆಸ್ಪತ್ರೆಯಲ್ಲಿ ಕಾರಿನ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. 2020ರ ನಂತರ ಅನೇಕ ಮನೆಗಳನ್ನು ಸೇರಿದ ಬೆರಳಿನ ಆಕ್ಸಿಮೀಟರನ್ನು ಇಲ್ಲಿ ನಂಬಬಾರದು. ಈ ಅನಿಲ ಸೇರಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ತೋರಿಸುತ್ತದೆ. ನಿಜಸ್ಥಿತಿ ತಿಳಿಯಲು ಪ್ರತ್ಯೇಕ ರಕ್ತಪರೀಕ್ಷೆಯೇ ಆಗಬೇಕು.