ಕುಂದಗೋಳದ ರೈಲು, ಒಂದೇ ಪಲ್ಟಾ

ಧಾರವಾಡದಿಂದ ಹುಬ್ಬಳ್ಳಿಗೆ ಹೊರಟ ಚಿಗರಿ ಬಸ್ಸು ವಿದ್ಯಾಗಿರಿ, ಗಾಂಧಿನಗರ ದಾಟಿದರೆ ನಮ್ಮ ಲಕಮನಹಳ್ಳಿ. ಬೆಳಿಗ್ಗೆ ಇಲ್ಲಿ ಕಾರ್ಖಾನೆಯ ಪಾಳಿಗೆ ಹೋಗುವವರು ಇಳಿಯುತ್ತಾರೆ, ಕಾಲೇಜಿಗೆ ಹೋಗುವವರು ಹತ್ತುತ್ತಾರೆ. ಈ ಹಾದಿಯ ಒಂದು ತುದಿಗೆ ಧಾರವಾಡದ ಶುಕ್ರವಾರಪೇಟೆ, ಇನ್ನೊಂದು ತುದಿಗೆ ಹುಬ್ಬಳ್ಳಿಯ ದೇಶಪಾಂಡೆ ನಗರ. ಒಂದು ಕಡೆ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ಬಾಲ್ಯ ಕಳೆಯಿತು, ಇನ್ನೊಂದು ಕಡೆ ಅವರು ಬಾಳಿದರು. ಛಲದ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಅವರು. ಅವರ ಪ್ರಶಸ್ತಿಗಳಿಗಿಂತ ಹೆಚ್ಚಾಗಿ, ಅವರ ದನಿ.

1932ರಲ್ಲಿ ಮುಂಬಯಿಯಲ್ಲಿ ಅವರ ಮೊದಲ ಗ್ರಾಮಫೋನ್ ತಟ್ಟೆಗಳು ಮುದ್ರಣವಾದವು. ಅವುಗಳ ಮೇಲಿದ್ದ ಹೆಸರು ಗಾಂಧಾರಿ ಹಾನಗಲ್. ಅಲ್ಲಿ ಕೇಳುವುದು ತೆಳ್ಳಗಿನ, ಎತ್ತರದ, ಚುರುಕಾದ ಹೆಣ್ಣುದನಿ. ಆಮೇಲೆ ಗಂಟಲಿನ ತೊಂದರೆ ಬಂತು, ಚಿಕಿತ್ಸೆಯಾಯಿತು, ದನಿ ಇಳಿಯಿತು. ಎಷ್ಟು ಇಳಿಯಿತೆಂದರೆ ಕಣ್ಣು ಮುಚ್ಚಿ ಕೇಳಿದವರಿಗೆ ಹಾಡುತ್ತಿರುವವರು ಹೆಣ್ಣೋ ಗಂಡೋ ತಿಳಿಯದಷ್ಟು. ಹಾಡಿಯೇ ಮನೆ ನಡೆಸಬೇಕಾದ ಹೆಂಗಸಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದಿದ್ದೀತು? ಆದರೆ ಅವರು ಹೋದ ದನಿಯನ್ನು ಮರಳಿ ತರಲು ಹೆಣಗಲಿಲ್ಲ. ಬಂದ ದನಿಯನ್ನೇ ತೊಡಗಿಸಿ, ಮಂದ್ರದಲ್ಲಿ ನಿಂತು, ತಮ್ಮದೇ ಗಾಯನ ಕಟ್ಟಿಕೊಂಡರು. ತನ್ನ ಮೇಲಿನ ನಂಬಿಕೆ ಅಂದರೆ ನನ್ನ ಮಟ್ಟಿಗೆ ಇದೇ.

ಆ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಬಲ್ಲವರು. ಅಬ್ದುಲ್ ಕರೀಂ ಖಾನರಂಥ ದೊಡ್ಡ ಗಾಯಕರು ಮನೆಗೆ ಬಂದು ಅವರ ಹಾಡು ಕೇಳುತ್ತಿದ್ದರು. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ತಮ್ಮ ಪದ್ಧತಿ ಅವಳ ಕಿವಿಗೆ ಅಡ್ಡ ಬಂದೀತೆಂದು ಆ ತಾಯಿ ತಾವೇ ಹಾಡುವುದನ್ನು ನಿಲ್ಲಿಸಿದರು. ಈ ತ್ಯಾಗದ ತೂಕವನ್ನು ನಾವು ಇನ್ನೂ ಸರಿಯಾಗಿ ಅಳೆದಿಲ್ಲ ಅನ್ನಿಸುತ್ತದೆ. ಮಗಳ ಕಲಿಕೆಗಾಗಿಯೇ 1928ರಲ್ಲಿ ಮನೆ ಹುಬ್ಬಳ್ಳಿಗೆ ಬಂತು. ಕೃಷ್ಣಾಚಾರ್ಯ, ದತ್ತೋಪಂತ ದೇಸಾಯಿ ಇವರ ಬಳಿ ಪಾಠವಾಯಿತು. ಆ ಮೇಲೆ ಸವಾಯಿ ಗಂಧರ್ವರು. 1932ರಲ್ಲಿ ತಾಯಿ ತೀರಿಕೊಂಡರು.

ಗುರು ಸವಾಯಿ ಗಂಧರ್ವರು ಇದ್ದದ್ದು ಕುಂದಗೋಳದಲ್ಲಿ. ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗಬೇಕು, ಪಾಠ ಮುಗಿಸಿ ರೈಲಿಗೇ ಮರಳಬೇಕು. ಹಾಡಲು ಹೋಗುವ ಹೆಣ್ಣುಮಗಳನ್ನು ಆಗಿನ ಊರ ಕಣ್ಣು ಹೇಗೆ ನೋಡುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಧಾರವಾಡದ ಬಾಲ್ಯದಲ್ಲೇ ಬೀದಿಯಲ್ಲಿ ಕುಹಕದ ಮಾತು ಕೇಳಿದವರು ಅವರು. ನೆರೆಯ ಸಿರಿವಂತರ ತೋಟದಲ್ಲಿ ಮಾವು ಕಿತ್ತಾಗ ಆ ಮನೆಯವರು ನೊಂದದ್ದು ಹಣ್ಣು ಹೋಯಿತೆಂದಲ್ಲ, ಹಾಡುವವರ ಮನೆಯ ಹುಡುಗಿ ತಮ್ಮ ತೋಟ ತುಳಿದಳೆಂದು.

ಕುಂದಗೋಳದಲ್ಲಿ ನಡೆದದ್ದಾದರೂ ಏನು? ಒಂದೇ ಪಲ್ಟಾ, ಅಂದರೆ ಸಾಧನೆಗೆಂದು ಕಟ್ಟಿದ ಸ್ವರಗಳ ಒಂದು ಸಾಲು. ಅದನ್ನೇ ಇಂದು, ಅದನ್ನೇ ನಾಳೆ, ಗುರುಗಳಿಗೆ ಸಮಾಧಾನ ಆಗುವವರೆಗೂ ಅದನ್ನೇ. ಜಿಪುಣ ದುಡ್ಡು ಬಿಚ್ಚುವ ಹಾಗೆ ಸ್ವರ ಬಿಚ್ಚಬೇಕೆಂದು ಗುರುಗಳು ಕಲಿಸಿದರೆಂದು ಗಂಗೂಬಾಯಿಯವರೇ ನೆನೆಯುತ್ತಿದ್ದರು. ಗದಗಿನಿಂದ ಬಂದ ಹುಡುಗ ಭೀಮಸೇನ ಜೋಶಿ ಕೂಡ ಅದೇ ಮನೆಯಲ್ಲಿ ನೀರು ಹೊರುತ್ತ ಕಲಿಯುತ್ತಿದ್ದ. ಈ ಗುರು-ಶಿಷ್ಯರ ಕಿರಾಣಾ ಘರಾನಾದ ಹಾಡಿಕೆಗೆ ಅವಸರ ಸಲ್ಲ. ಒಂದೊಂದೇ ಸ್ವರವನ್ನು ತಡೆದು, ಹದ ನೋಡಿ, ಮುಂದಿನದಕ್ಕೆ ಹೋಗಬೇಕು. ಊರಿನ ಮಾತಿಗೆ ಅವರು ಎದುರು ಮಾತು ಕೊಡುತ್ತ ಕೂತಿದ್ದರೆ ಆ ಪಲ್ಟಾ ತಪ್ಪುತ್ತಿತ್ತು.

ಹಾಗೆಂದು ಎಲ್ಲವನ್ನೂ ನುಂಗಿಕೊಂಡವರೂ ಅಲ್ಲ. ಗಂಡಸು ಹಾಡಿದರೆ ಪಂಡಿತ, ಉಸ್ತಾದ. ಹೆಂಗಸು ಎಷ್ಟೇ ಹಾಡಿದರೂ ಹೆಸರಿನ ಕೊನೆಯ ‘ಬಾಯಿ’ಯಾಗಿಯೇ ಉಳಿಯುತ್ತಾಳೆ ಎಂಬ ಮಾತನ್ನು ಅವರು ಮುಚ್ಚುಮರೆಯಿಲ್ಲದೆ ಆಡಿದರು. ಅದಕ್ಕೆ ಉತ್ತರ ಇವತ್ತಿಗೂ ಬಂದಿಲ್ಲ. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದವು. ಇಳಿವಯಸ್ಸಿನಲ್ಲಿ ಕ್ಯಾನ್ಸರ್ ಬಂತು, ಗೆದ್ದರು. ದಶಕಗಳ ಕಾಲ ಪಕ್ಕದಲ್ಲಿ ಕೂತು ದನಿಗೂಡಿಸಿದ್ದ ಮಗಳು ಕೃಷ್ಣಾ 2004ರಲ್ಲಿ ಅಗಲಿದಳು. ಅದಾದ ಮೇಲೂ, 2006ರಲ್ಲಿ, ಗಾಯನದ 75 ವರ್ಷಗಳ ನೆನಪಿಗೆ ಅವರು ವೇದಿಕೆಯೇರಿ ಹಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು.

ಸಂಜೆ ಪಾಳಿ ಬಿಡುವ ಹೊತ್ತಿಗೆ ಲಕಮನಹಳ್ಳಿಯ ನಿಲ್ದಾಣ ಮತ್ತೆ ತುಂಬುತ್ತದೆ. ಆ ಹೊತ್ತಿನ ರಾಗ ಮಾರವಾ. ಅದರಲ್ಲಿ ಮೂಲಸ್ವರವಾದ ಷಡ್ಜ ಸುಲಭಕ್ಕೆ ಸಿಗುವುದಿಲ್ಲ. ಹಾಡುವವರು ರಿಷಭ, ಧೈವತಗಳಲ್ಲೇ ಸುತ್ತುತ್ತ ಅದನ್ನು ಮುಂದೂಡುತ್ತಲೇ ಹೋಗಬೇಕು. ನಾನು ಕಿಟಕಿಯ ಬಳಿ ಕೂತು ಗಂಗೂಬಾಯಿಯವರ ಮಾರವಾ ಹಚ್ಚುತ್ತೇನೆ. ಆ ದಪ್ಪ ದನಿ ಕೆಳಗಿನ ಧೈವತದ ಮೇಲೆ ಹೋಗಿ ನಿಲ್ಲುತ್ತದೆ, ಅಲ್ಲಾಡುವುದಿಲ್ಲ. ಹೊರಗೆ ಒಂದು ಬಸ್ಸು ಹೋಗಿ ಇನ್ನೊಂದು ಬರುತ್ತದೆ. ಅವರು ಇನ್ನೂ ಷಡ್ಜಕ್ಕೆ ಬಂದಿರುವುದಿಲ್ಲ.